ಲಸಿಕೆಯಿಂದ ತೊಂದರೆಯಾಯಿತೆಂಬ ಕ್ಲೇಮು: ಅಮೆರಿಕದಲ್ಲಿ ಅರ್ಜಿಯಿಂದ ರಾಜಿಯವರೆಗೆ

ಅಮೆರಿಕದಲ್ಲಿ ಲಸಿಕೆ ಹಾಕಿಸಿಕೊಂಡು ಆರೋಗ್ಯ ಕೆಟ್ಟಿತು ಎನ್ನುವವರು ಲಸಿಕೆ ಕಂಪನಿಯ ಮೇಲಾಗಲಿ, ಸೂಜಿ ಚುಚ್ಚಿದ ಫಾರ್ಮಸಿಯ ಮೇಲಾಗಲಿ ನೇರವಾಗಿ ಕೇಸು ಹಾಕುವಂತಿಲ್ಲ. 1986ರ ಕಾಯ್ದೆಯೊಂದು ಅದಕ್ಕೆ ಬೇರೆ ದಾರಿ ಮಾಡಿಟ್ಟಿದೆ. 80ರ ದಶಕದಲ್ಲಿ ಡಿಪಿಟಿ ಲಸಿಕೆಯ ಮೇಲೆ ಕೇಸುಗಳು ಮಳೆಯಂತೆ ಸುರಿದು, ತಯಾರಕರು ಒಬ್ಬೊಬ್ಬರಾಗಿ ಆ ವ್ಯವಹಾರವನ್ನೇ ಬಿಡತೊಡಗಿದಾಗ ಬಂದ ಕಾಯ್ದೆ ಇದು. ಇದರಡಿ 1988ರ ಅಕ್ಟೋಬರ್ 1ರಿಂದ ನಡೆಯುತ್ತಿರುವ, ಲಸಿಕೆಯ ತೊಂದರೆಗೆ ಪರಿಹಾರ ಕೊಡುವ ಯೋಜನೆಗೆ ವಿಐಸಿಪಿ ಎನ್ನುತ್ತಾರೆ. ಅರ್ಜಿ ಹೋಗುವುದು ವಾಷಿಂಗ್ಟನ್ನಿನ ಕೋರ್ಟ್ ಆಫ್ ಫೆಡರಲ್ ಕ್ಲೇಮ್ಸ್‌ಗೆ. ಎದುರಾಳಿ ಅಮೆರಿಕ ಸರ್ಕಾರದ ಆರೋಗ್ಯ ಮತ್ತು ಮಾನವ ಸೇವೆಗಳ ಕಾರ್ಯದರ್ಶಿ. ಹಣ ಬರುವುದು ಪ್ರತಿ ಡೋಸಿನ ಮೇಲೆ ಹಾಕುವ ತೆರಿಗೆಯಿಂದ: ಒಂದು ರೋಗಕ್ಕೆ 75 ಸೆಂಟ್, ಮೂರು ರೋಗ ತಡೆಯುವ ಎಂಎಂಆರ್‌ಗೆ 2.25 ಡಾಲರ್.

ಇಲ್ಲಿ ಪರಿಹಾರ ಪಡೆದವರಲ್ಲಿ ಸುಮಾರು ಶೇ. 60ರಷ್ಟು ಮಂದಿಗೆ ಹಣ ಸಿಕ್ಕಿರುವುದು ರಾಜಿಯಲ್ಲಿ. ರಾಜಿ ಎಂದರೆ ಸರ್ಕಾರ ತಪ್ಪೊಪ್ಪಿಕೊಂಡಿತು ಎಂದಲ್ಲ. 'ಈ ಲಸಿಕೆಯಿಂದ ಈ ತೊಂದರೆ ಆಯಿತೆಂದು ನಾವು ಒಪ್ಪುವುದಿಲ್ಲ' ಎಂದು ಬರೆದೇ ಅದು ಹಣ ಕೊಡುತ್ತದೆ. ಈ ಮಾತನ್ನು ಅರಗಿಸಿಕೊಳ್ಳಲಾಗದವರು ಕೊನೆಯ ಹಂತದಲ್ಲಿ ಸಹಿ ಹಾಕಲು ಒದ್ದಾಡುತ್ತಾರೆ. 'ನನ್ನ ನೋವು ನಿಜವೆಂದು ಯಾರಾದರೂ ಹೇಳಬೇಕು' ಎಂಬುದೇ ಮುಖ್ಯವಾಗಿದ್ದರೆ ಈ ದಾರಿಯಲ್ಲಿ ಅದು ಸಿಗುವುದು ಕಡಿಮೆ. ಖರ್ಚು, ನೋವು, ಕಳೆದುಹೋದ ಸಂಬಳಕ್ಕೆ ಒಂದಷ್ಟು ಹಣ ಸಿಗುವ ಸಾಧ್ಯತೆ ಮಾತ್ರ ಚೆನ್ನಾಗಿದೆ.

ಇನ್ನೊಂದು ಮಾತು. ಸರ್ಕಾರದ ಲೆಕ್ಕದಲ್ಲಿ, ಹಂಚಿಕೆಯಾದ ಪ್ರತಿ ಹತ್ತು ಲಕ್ಷ ಡೋಸಿಗೆ ಪರಿಹಾರ ಸಿಕ್ಕಿರುವುದು ಸರಿಸುಮಾರು ಒಬ್ಬರಿಗೆ. ಇದನ್ನು ಓದಿ ಯಾರೂ ಮಗುವಿನ ಲಸಿಕೆ ಮುಂದೂಡಬೇಕಿಲ್ಲ.

ಮೊದಲು ನೋಡಬೇಕಾದ್ದು: ಯಾವ ಲಸಿಕೆ, ಯಾವ ತೋಳು, ಯಾವ ದೇಶ

ಯೋಜನೆಯ ವ್ಯಾಪ್ತಿಗೆ ಎಲ್ಲ ಲಸಿಕೆಗಳೂ ಬರುವುದಿಲ್ಲ. ಮಕ್ಕಳಿಗೆ ಅಥವಾ ಗರ್ಭಿಣಿಯರಿಗೆ ವಾಡಿಕೆಯಾಗಿ ಕೊಡಲು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಶಿಫಾರಸು ಮಾಡಿರಬೇಕು, ಮೇಲೆ ಹೇಳಿದ ತೆರಿಗೆಯೂ ಬಿದ್ದಿರಬೇಕು. ಅಂಥ ಲಸಿಕೆಯನ್ನು ದೊಡ್ಡವರು ಹಾಕಿಸಿಕೊಂಡಿದ್ದರೂ ಅಡ್ಡಿಯಿಲ್ಲ. ಫ್ಲೂ, ಟೆಟನಸ್ ಇರುವ ಟಿಡ್ಯಾಪ್, ಹೆಪಟೈಟಿಸ್ ಎ ಮತ್ತು ಬಿ, ಎಂಎಂಆರ್, ಎಚ್‌ಪಿವಿ, ರೋಟಾವೈರಸ್ ಇವೆಲ್ಲ ಒಳಗೆ. ಐವತ್ತು ದಾಟಿದವರಿಗೆ ಕೊಡುವ ಶಿಂಗಲ್ಸ್ (ಸರ್ಪಸುತ್ತು) ಲಸಿಕೆ ಹೊರಗೆ. ಭಾರತ ಪ್ರವಾಸಕ್ಕೆ ಮುಂಚೆ ಟ್ರಾವೆಲ್ ಕ್ಲಿನಿಕ್ಕಿನಲ್ಲಿ ಕೊಡುವ ಟೈಫಾಯ್ಡ್ ಲಸಿಕೆಯೂ ಹೊರಗೆ.

ಊರಿಗೆ ಹೊರಟ ನಮ್ಮವರು ಎಡವುವುದು ಇಲ್ಲಿಯೇ. ಒಂದೇ ಭೇಟಿಯಲ್ಲಿ ಎಡತೋಳಿಗೆ ಹೆಪಟೈಟಿಸ್ ಎ, ಬಲತೋಳಿಗೆ ಟೈಫಾಯ್ಡ್ ಹಾಕಿಸಿಕೊಂಡಿರುತ್ತಾರೆ. ಆಮೇಲೆ ನೋವು ಶುರುವಾದದ್ದು ಎಡ ಭುಜದಲ್ಲಾದರೆ ಕ್ಲೇಮು ಇದೆ, ಬಲ ಭುಜದಲ್ಲಾದರೆ ಇಲ್ಲ. ಫ್ಲೂ ಜೊತೆಗೆ ಶಿಂಗಲ್ಸ್ ಹಾಕಿಸಿಕೊಂಡವರ ಕತೆಯೂ ಇದೇ. ಫಾರ್ಮಸಿಯ ದಾಖಲೆಯಲ್ಲಿ ತೋಳು ತಪ್ಪಾಗಿ ನಮೂದಾಗಿರುವುದು ಅಪರೂಪವೇನಲ್ಲ. ಕೆಲವು ಕಂಪ್ಯೂಟರ್ ವ್ಯವಸ್ಥೆಗಳಲ್ಲಿ ಯಾರೂ ಬದಲಿಸದಿದ್ದರೆ 'ಎಡ' ಎಂದೇ ಅಚ್ಚಾಗುತ್ತದೆ. ಕೋರ್ಟಿಗೂ ಇದು ಗೊತ್ತಿರುವ ಸಂಗತಿ. ಮೊದಲ ವೈದ್ಯರ ಭೇಟಿಯಲ್ಲೇ ಸರಿಯಾದ ತೋಳು ದಾಖಲಾಗಿದ್ದರೆ ಫಾರ್ಮಸಿಯ ತಪ್ಪನ್ನು ದಾಟಿಕೊಳ್ಳಬಹುದು.

ಕೋವಿಡ್ ಲಸಿಕೆಯದು ಬೇರೆಯೇ ಯೋಜನೆ, ಸಿಐಸಿಪಿ. ಅಲ್ಲಿ ಲಸಿಕೆ ಹಾಕಿಸಿಕೊಂಡ ದಿನದಿಂದ ಒಂದೇ ವರ್ಷದೊಳಗೆ ಅರ್ಜಿ ಹಾಕಬೇಕು. ಲಾಯರ್ ಫೀಸು ಕೊಡುವುದಿಲ್ಲ, ನೋವಿಗೆ ಪರಿಹಾರವಿಲ್ಲ, ಮೇಲ್ಮನವಿಗೆ ಕೋರ್ಟೂ ಇಲ್ಲ. ಇಲಾಖೆಯೇ ಮರುಪರಿಶೀಲನೆ ಮಾಡುತ್ತದೆ. ಈ ಬರಹದ ಮುಂದಿನ ಯಾವ ಮಾತೂ ಅದಕ್ಕೆ ಅನ್ವಯಿಸುವುದಿಲ್ಲ.

ಇನ್ನು ದೇಶ. ಲಸಿಕೆಯನ್ನು ಅಮೆರಿಕದಲ್ಲಿ ಹಾಕಿಸಿಕೊಂಡಿರಬೇಕು. ಆಗ ಪೌರತ್ವದ ಪ್ರಶ್ನೆ ಏಳುವುದಿಲ್ಲ. ಎಚ್-1ಬಿಯಲ್ಲಿರುವವರೂ, ಮೊಮ್ಮಗುವನ್ನು ನೋಡಿಕೊಳ್ಳಲು ವಿಸಿಟರ್ ವೀಸಾದಲ್ಲಿ ಬಂದು ನ್ಯೂಜೆರ್ಸಿಯ ಫಾರ್ಮಸಿಯಲ್ಲಿ ಫ್ಲೂ ಚುಚ್ಚಿಸಿಕೊಂಡ ಅಪ್ಪ ಅಮ್ಮನೂ ಅರ್ಜಿ ಹಾಕಬಹುದು. ರಜೆಗೆ ಬೆಂಗಳೂರಿಗೆ ಹೋದಾಗ ಮಗುವಿಗೆ ಅಲ್ಲೇ ಲಸಿಕೆ ಹಾಕಿಸಿದ್ದರೆ ಲೆಕ್ಕ ಬೇರೆ. ಅಮೆರಿಕದ ತಯಾರಕರ ಲಸಿಕೆಯಾಗಿದ್ದು, ಮಗು ಆರು ತಿಂಗಳೊಳಗೆ ಅಮೆರಿಕಕ್ಕೆ ಮರಳಿದ್ದರೆ ಮಾತ್ರ ಅವಕಾಶವಿದೆ. ಪುಣೆಯ ಸೀರಂ ಸಂಸ್ಥೆಯ ಲಸಿಕೆಗೆ ಈ ಬಾಗಿಲು ತೆರೆಯುವುದಿಲ್ಲ.

ಕಾಲಮಿತಿ

ಮೊದಲ ಲಕ್ಷಣ ಕಾಣಿಸಿಕೊಂಡ ದಿನದಿಂದ ಮೂರು ವರ್ಷ. ರೋಗಕ್ಕೆ ಹೆಸರು ಸಿಕ್ಕ ದಿನದಿಂದಲ್ಲ, ಲಸಿಕೆ ಕಾರಣವಿರಬಹುದೆಂದು ಹೊಳೆದ ದಿನದಿಂದಲೂ ಅಲ್ಲ. ಸಾವು ಸಂಭವಿಸಿದ್ದರೆ ಸಾವಿನಿಂದ ಎರಡು ವರ್ಷ, ಮೊದಲ ಲಕ್ಷಣದಿಂದ ನಾಲ್ಕು ವರ್ಷ, ಎರಡನ್ನೂ ಮೀರಿರಬಾರದು. ಜೊತೆಗೆ ತೊಂದರೆ ಆರು ತಿಂಗಳಿಗಿಂತ ಹೆಚ್ಚು ಕಾಲ ಉಳಿದಿರಬೇಕು. ಇಲ್ಲವೆಂದರೆ ಆಸ್ಪತ್ರೆಗೆ ದಾಖಲಾಗಿ ಶಸ್ತ್ರಚಿಕಿತ್ಸೆಯಾಗಿರಬೇಕು, ಅಥವಾ ಸಾವು ಸಂಭವಿಸಿರಬೇಕು. ನಾಲ್ಕು ತಿಂಗಳಲ್ಲಿ ಪೂರ್ತಿ ವಾಸಿಯಾದ ಭುಜನೋವಿಗೆ, ಅದೆಷ್ಟೇ ಕಾಡಿಸಿರಲಿ, ಇಲ್ಲಿ ಜಾಗವಿಲ್ಲ.

ಟೇಬಲ್ ಎಂಬ ಪಟ್ಟಿ

ಯಾವ ಲಸಿಕೆಗೆ ಯಾವ ತೊಂದರೆ, ಎಷ್ಟು ಸಮಯದೊಳಗೆ ಶುರುವಾದರೆ ಲಸಿಕೆಯಿಂದಲೇ ಆದದ್ದೆಂದು ಭಾವಿಸಬೇಕು ಎಂಬುದಕ್ಕೆ ಸರ್ಕಾರವೇ ಒಂದು ಟೇಬಲ್ ಇಟ್ಟಿದೆ. ತೀವ್ರ ಅಲರ್ಜಿಯಾದ ಅನಾಫಿಲಾಕ್ಸಿಸ್‌ಗೆ 4 ಗಂಟೆ. ಫ್ಲೂ ಲಸಿಕೆಯ ನಂತರ ನರಗಳಿಗೆ ಪೆಟ್ಟಾಗಿ ಕೈಕಾಲು ಸೋಲುವ ಗಿಲಾನ್-ಬಾರಿ ಸಿಂಡ್ರೋಮ್‌ಗೆ 3ರಿಂದ 42 ದಿನ. ರೋಟಾವೈರಸ್ ಲಸಿಕೆಯ ನಂತರ ಮಗುವಿನ ಕರುಳು ಒಂದರೊಳಗೊಂದು ಮಡಚಿಕೊಂಡರೆ 1ರಿಂದ 21 ದಿನ. ಭುಜದ ತೊಂದರೆಗೆ 48 ಗಂಟೆ.

ಈ ಭುಜದ ತೊಂದರೆಯನ್ನು ಇಲ್ಲಿನ ಲಾಯರುಗಳು ಸಿರ್ವಾ ಎಂದು ಕರೆಯುತ್ತಾರೆ. ಈಚಿನ ವರ್ಷಗಳ ಅರ್ಜಿಗಳಲ್ಲಿ ಇದರ ಪಾಲು ಬಹಳ ದೊಡ್ಡದು. ಇದರಲ್ಲಿ ತಕರಾರು ಲಸಿಕೆಯ ಔಷಧಿಗಿಂತ ಚುಚ್ಚಿದ ಜಾಗದ್ದು: ಸೂಜಿ ತೋಳಿನ ಸ್ನಾಯುವಿನ ಬದಲು ಮೇಲಕ್ಕೆ, ಭುಜದ ಕೀಲಿನ ಚೀಲಕ್ಕೆ ತಾಗಿ ಉರಿಯೂತವಾಗುತ್ತದೆ. ಟೇಬಲ್‌ಗೆ ಹೊಂದಬೇಕಾದರೆ ನಾಲ್ಕು ಸಂಗತಿ ಬೇಕು. ಆ ಭುಜಕ್ಕೆ ಮುಂಚೆ ನೋವಿನ ಇತಿಹಾಸ ಇರಬಾರದು. ನೋವು 48 ಗಂಟೆಯೊಳಗೆ ಶುರುವಾಗಿರಬೇಕು. ನೋವೂ ಚಲನೆಯ ಅಡ್ಡಿಯೂ ಚುಚ್ಚಿದ ಭುಜಕ್ಕೇ ಸೀಮಿತವಾಗಿರಬೇಕು. ಕುತ್ತಿಗೆಯ ನರ ಒತ್ತಿಕೊಂಡಂಥ ಬೇರೆ ಕಾರಣ ಇರಬಾರದು.

ಟೇಬಲ್‌ನಲ್ಲಿ ಇಲ್ಲದ ತೊಂದರೆಗೂ ಅರ್ಜಿ ಹಾಕಬಹುದು. ಆಗ ಹೊರೆ ನಮ್ಮ ಮೇಲೆ. 2005ರ ಆಲ್ಥೆನ್ ತೀರ್ಪಿನ ಪ್ರಕಾರ ಮೂರನ್ನು ತೋರಿಸಬೇಕು: ಲಸಿಕೆ ಈ ತೊಂದರೆ ಉಂಟುಮಾಡಬಲ್ಲದೆಂಬ ವೈದ್ಯಕೀಯ ವಿವರಣೆ, ಈ ವ್ಯಕ್ತಿಯಲ್ಲಿ ಹಾಗೇ ಆಯಿತೆಂಬ ತರ್ಕಬದ್ಧ ಸರಣಿ, ಎರಡರ ನಡುವೆ ಒಪ್ಪುವಂಥ ಕಾಲದ ಅಂತರ. ತಜ್ಞ ವೈದ್ಯರ ವರದಿಯಿಲ್ಲದೆ ಇದು ಸಾಗುವುದಿಲ್ಲ, ವರ್ಷಗಳೂ ಹಿಡಿಯುತ್ತವೆ.

ಕಾಗದಗಳು: ರಾಜಿಯ ಮೊತ್ತ ಹುಟ್ಟುವುದು ಇಲ್ಲಿ

ಮೂರು ವರ್ಷದ ನಂತರ ಸರ್ಕಾರಿ ವಕೀಲರು ಎಷ್ಟು ಹಣಕ್ಕೆ ಒಪ್ಪುತ್ತಾರೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ಲಸಿಕೆಯಾದ ಮೊದಲ ಕೆಲವು ವಾರಗಳ ವೈದ್ಯರ ಟಿಪ್ಪಣಿ.

ಉದಾಹರಣೆಗೆ ಅಕ್ಟೋಬರ್ 5ರಂದು ಫ್ಲೂ ಲಸಿಕೆ ಹಾಕಿಸಿಕೊಂಡವರು ಡಿಸೆಂಬರ್ 20ಕ್ಕೆ ಡಾಕ್ಟರ ಹತ್ತಿರ ಹೋದರು ಎಂದುಕೊಳ್ಳಿ. ಟಿಪ್ಪಣಿಯಲ್ಲಿ 'ಎಡ ಭುಜದಲ್ಲಿ ನೋವು, ಅಕ್ಟೋಬರ್ 5ರ ಫ್ಲೂ ಲಸಿಕೆಯ ರಾತ್ರಿಯಿಂದ, ಕೈ ಮೇಲೆತ್ತಲಾಗುತ್ತಿಲ್ಲ' ಎಂದಿದ್ದರೆ ಕ್ಲೇಮಿಗೆ ಬೆನ್ನೆಲುಬು ಸಿಕ್ಕಿತು. 'ಎಡ ಭುಜನೋವು, ಸುಮಾರು ಎರಡು ತಿಂಗಳಿಂದ' ಎಂದಷ್ಟೇ ಇದ್ದರೆ 48 ಗಂಟೆಯ ಮೇಲೆ ಜಗಳ ಶುರು. ಇನ್ನೂ ಕೆಟ್ಟದ್ದು ಯಾವುದೆಂದರೆ, ನಡುವೆ ನವೆಂಬರಿನಲ್ಲಿ ಶುಗರ್ ಚೆಕಪ್‌ಗೆ ಹೋಗಿ, ಭುಜದ ವಿಷಯ ಎತ್ತದೆ, 'ಬೇರೇನೂ ತೊಂದರೆ ಇಲ್ಲ' ಎಂದು ಬರೆಸಿಕೊಂಡು ಬಂದಿರುವುದು. ಸರ್ಕಾರದ ವರದಿಯಲ್ಲಿ ಆ ಒಂದು ಸಾಲು ದಪ್ಪಕ್ಷರದಲ್ಲಿ ಬಂದೇ ಬರುತ್ತದೆ.

ನಮ್ಮವರಿಗೆ ಇನ್ನೊಂದು ಅಭ್ಯಾಸ: ನೋವನ್ನು ಮನೆಯಲ್ಲೇ ಸಂಭಾಳಿಸುವುದು. ಎಣ್ಣೆ ಕಾಯಿಸಿ ತಿಕ್ಕಿಸಿಕೊಳ್ಳುತ್ತಾರೆ, ಬಿಸಿ ಶಾಖ ಕೊಡುತ್ತಾರೆ, ಊರಿಂದ ತಂದ ಮುಲಾಮು ಹಚ್ಚುತ್ತಾರೆ. ಇದ್ಯಾವುದೂ ದಾಖಲೆಯಲ್ಲಿ ಇರುವುದಿಲ್ಲ, ಕೋರ್ಟಿನ ಕಣ್ಣಿಗೆ ಆ ವಾರಗಳು ಖಾಲಿ. ಡಾಕ್ಟರಿಗೆ ಇದನ್ನೂ ಹೇಳಿ. ಅವರು ಬರೆದುಕೊಂಡರೆ ಅದು ಸಾಕ್ಷ್ಯ. ಇಲ್ಲದ ನೋವನ್ನು ಸೃಷ್ಟಿಸಲು ಮಾತ್ರ ಹೋಗಬೇಡಿ, ಪ್ರಮಾಣ ಮಾಡಿ ಸಹಿ ಹಾಕುವ ಕಾಗದ ಇದು.

ಒಟ್ಟು ಬೇಕಾದ್ದು ಇಷ್ಟು: ಲಸಿಕೆಯ ದಾಖಲೆ (ದಿನಾಂಕ, ಲಸಿಕೆಯ ಹೆಸರು, ಲಾಟ್ ನಂಬರ್, ತೋಳು), ಲಸಿಕೆಗೆ ಮುಂಚಿನ ಮೂರು ವರ್ಷದ ವೈದ್ಯಕೀಯ ದಾಖಲೆ, ಆಮೇಲಿನದು ಪೂರ್ತಿ, ಫಿಸಿಯೋಥೆರಪಿಯ ಪ್ರತಿ ಸೆಷನ್ನಿನ ಟಿಪ್ಪಣಿ, ಎಂಆರ್‌ಐ ವರದಿ, ಕೈಯಿಂದ ಖರ್ಚಾದ ಹಣದ ರಸೀದಿ, ಸಂಬಳ ಕಡಿತವಾಗಿದ್ದರೆ ಅದರ ಪುರಾವೆ. ಮಕ್ಕಳ ವಿಷಯದಲ್ಲಿ ಹುಟ್ಟಿದಾಗಿನಿಂದಿನ ದಾಖಲೆ. ಗಂಡ, ಹೆಂಡತಿ, ಸಹೋದ್ಯೋಗಿಗಳ ಹೇಳಿಕೆ ಉಪಯೋಗಕ್ಕೆ ಬರುತ್ತದೆ. ಲಸಿಕೆಯ ಮಾರನೆಯ ದಿನ 'ಕೈ ಎತ್ತೋಕಾಗ್ತಿಲ್ಲ' ಎಂದು ಅಕ್ಕನಿಗೆ ಕಳಿಸಿದ ವಾಟ್ಸಾಪ್ ಸಂದೇಶ ಇದ್ದರೆ ಅಳಿಸಬೇಡಿ. ಕನ್ನಡದಲ್ಲಿದ್ದರೂ ಸರಿ, ಇಂಗ್ಲಿಷ್ ಅನುವಾದ ಜೊತೆಗಿಟ್ಟರಾಯಿತು.

ಚಿಕಿತ್ಸೆಯ ನಡುವೆ ಭಾರತಕ್ಕೆ ಮರಳಿದವರಿಗೆ: ಆರು ತಿಂಗಳ ನಿಯಮಕ್ಕೆ ಅಲ್ಲಿನ ದಾಖಲೆಯೂ ಸಲ್ಲುತ್ತದೆ. ಆದರೆ ನಮ್ಮ ಕಡೆ ಓಪಿಡಿ ಚೀಟಿಯಲ್ಲಿ ಡಾಕ್ಟರು ಎರಡು ಮಾತ್ರೆಯ ಹೆಸರು ಬರೆದು ಕಳಿಸುವುದೇ ಹೆಚ್ಚು. ಯಾವ ಭುಜ, ಎಂದಿನಿಂದ ನೋವು, ಕೈ ಎಷ್ಟು ಮೇಲೇಳುತ್ತದೆ ಎಂಬುದನ್ನು ಲೆಟರ್‌ಹೆಡ್ಡಿನ ಮೇಲೆ ಬರೆಸಿಕೊಳ್ಳಿ. ಅರ್ಜಿದಾರರ ಹೇಳಿಕೆಗೆ ನೋಟರಿ ಹುಡುಕಿ ಅಲೆಯಬೇಕಿಲ್ಲ. ಅಮೆರಿಕದ ಕಾನೂನಿನಡಿ ಸುಳ್ಳು ಹೇಳಿದರೆ ಶಿಕ್ಷೆಗೆ ಒಳಪಡುತ್ತೇನೆಂಬ ನಿಗದಿತ ವಾಕ್ಯದೊಂದಿಗೆ ಸಹಿ ಮಾಡಿದರೆ ವಿದೇಶದಿಂದಲೂ ನಡೆಯುತ್ತದೆ.

ಲಾಯರ್ ಹಿಡಿಯುವುದು

ಇಲ್ಲಿ ಲಾಯರ್ ನಿಮ್ಮ ಪರಿಹಾರದಲ್ಲಿ ಪಾಲು ತೆಗೆದುಕೊಳ್ಳುವಂತಿಲ್ಲ, ನಿಮ್ಮಿಂದ ಫೀಸು ಕೇಳುವಂತೆಯೂ ಇಲ್ಲ. ಕಾಯ್ದೆಯೇ ನಿಷೇಧಿಸಿದೆ. ಅವರ ಫೀಸನ್ನು ಯೋಜನೆಯ ನಿಧಿಯಿಂದ ಬೇರೆಯಾಗಿ ಕೊಡಲಾಗುತ್ತದೆ. ಕ್ಲೇಮಿಗೆ ತಕ್ಕ ಆಧಾರವಿದ್ದು, ಪ್ರಾಮಾಣಿಕವಾಗಿ ಹಾಕಿದ್ದಾದರೆ ಸೋತರೂ ಕೊಡಬಹುದು. ಶೇ. 33 ಕೇಳುವವರು ಸಿಕ್ಕರೆ ಅವರಿಗೆ ಈ ಯೋಜನೆಯೇ ಗೊತ್ತಿಲ್ಲವೆಂದು ತಿಳಿದು ಎದ್ದು ಬನ್ನಿ. ಲಾಯರ್ ನಿಮ್ಮ ರಾಜ್ಯದವರೇ ಆಗಬೇಕಿಲ್ಲ, ಫೆಡರಲ್ ಕ್ಲೇಮ್ಸ್ ಕೋರ್ಟಿನಲ್ಲಿ ವಾದಿಸಲು ಅನುಮತಿ ಇದ್ದರೆ ಸಾಕು. ಕೋರ್ಟೇ ಒಂದು ಪಟ್ಟಿ ಇಟ್ಟಿದೆ. ನಿಮ್ಮಷ್ಟಕ್ಕೆ ನೀವೇ ಅರ್ಜಿ ಹಾಕಲೂಬಹುದು. ಪುಕ್ಕಟೆಯಾಗಿ ಅನುಭವಸ್ಥರು ಸಿಗುವಾಗ ಅದೇಕೆ ಬೇಕು ಎಂಬುದು ನನ್ನ ಅಭಿಪ್ರಾಯ.

ಈ ನಡುವೆ ಫಾರ್ಮಸಿಯ ಮೇಲೆ ರಾಜ್ಯದ ಕೋರ್ಟಿನಲ್ಲಿ ಕೇಸು ಹಾಕಿ ಕೂರಬೇಡಿ. ಅದು ಬಾಕಿಯಿದ್ದರೆ ಇಲ್ಲಿನ ಅರ್ಜಿ ವಜಾ ಆಗುತ್ತದೆ. ಒಂದು ಲಸಿಕೆಗೆ ಒಂದೇ ಅರ್ಜಿ ಎಂಬುದೂ ನೆನಪಿರಲಿ.

ಅರ್ಜಿ ಹಾಕಿದ ಮೇಲೆ

ಕೋರ್ಟ್ ಶುಲ್ಕ 405 ಡಾಲರ್. ಅರ್ಜಿ, ದಾಖಲೆಗಳು, ಹೇಳಿಕೆ ಎಲ್ಲವೂ ಆನ್‌ಲೈನ್‌ನಲ್ಲೇ ಸಲ್ಲಿಕೆ. ತೀರ್ಪು ಕೊಡುವವರಿಗೆ ಸ್ಪೆಷಲ್ ಮಾಸ್ಟರ್ ಎನ್ನುತ್ತಾರೆ. ಕಾಯ್ದೆಯ ಪ್ರಕಾರ ಅವರ ಸಂಖ್ಯೆ ಎಂಟನ್ನು ಮೀರುವಂತಿಲ್ಲ, ಆದ್ದರಿಂದಲೇ ಸರದಿ ಉದ್ದ. ಭುಜ, ಗಿಲಾನ್-ಬಾರಿಯಂಥ ರಾಜಿಗೆ ಒಗ್ಗುವ ಕೇಸುಗಳು ಮುಖ್ಯ ಸ್ಪೆಷಲ್ ಮಾಸ್ಟರ್ ಅಡಿಯ ವಿಶೇಷ ಘಟಕಕ್ಕೆ ಹೋಗುತ್ತವೆ.

ಆರೋಗ್ಯ ಇಲಾಖೆಯ ವೈದ್ಯರು ದಾಖಲೆ ಓದುತ್ತಾರೆ, ನ್ಯಾಯ ಇಲಾಖೆಯ ವಕೀಲರು ಸರ್ಕಾರದ ನಿಲುವನ್ನು ರೂಲ್ 4(ಸಿ) ವರದಿಯಲ್ಲಿ ತಿಳಿಸುತ್ತಾರೆ. ದಾರಿ ಮೂರು. ಸರ್ಕಾರ ಒಪ್ಪಿಕೊಂಡರೆ ಮೊತ್ತವೊಂದೇ ಬಾಕಿ. ಒಪ್ಪದಿದ್ದರೂ ಮಾತಿಗೆ ಸಿದ್ಧವೆಂದರೆ ರಾಜಿ. ಎರಡೂ ಇಲ್ಲವೆಂದರೆ ವಿಚಾರಣೆ. ಒಪ್ಪಿಕೊಂಡ ಕೇಸುಗಳ ಮೊತ್ತ ರಾಜಿಯದಕ್ಕಿಂತ ಸಾಮಾನ್ಯವಾಗಿ ಹೆಚ್ಚು, ಏಕೆಂದರೆ ರಾಜಿಯಲ್ಲಿ ಸೋಲುವ ಅಪಾಯದ ಬೆಲೆಯನ್ನು ಕಳೆದಿರುತ್ತಾರೆ. ಭುಜದ ಕೇಸುಗಳಲ್ಲಿ ರಾಜಿಯ ಮಧ್ಯಮ ಮೊತ್ತ ಈಚಿನ ವರ್ಷಗಳಲ್ಲಿ 50,000 ಡಾಲರಿನ ಆಸುಪಾಸಿನಲ್ಲಿದೆ. ಶಸ್ತ್ರಚಿಕಿತ್ಸೆಯಾದವರಿಗೆ ಹೆಚ್ಚು, ಒಂದೆರಡು ಇಂಜೆಕ್ಷನ್ ಮತ್ತು ಫಿಸಿಯೋಥೆರಪಿಯಲ್ಲೇ ಸುಧಾರಿಸಿದವರಿಗೆ ಕಡಿಮೆ.

ಚೌಕಾಸಿ

ಶುರು ನಮ್ಮ ಕಡೆಯಿಂದ. ಲಾಯರ್ ಡಿಮ್ಯಾಂಡ್ ಪತ್ರ ಕಳಿಸುತ್ತಾರೆ. ಅದರಲ್ಲಿ ನೋವಿನ ಚರಿತ್ರೆ, ಹೋಲುವ ಹಳೆಯ ತೀರ್ಪುಗಳು, ಖರ್ಚಿನ ಕೋಷ್ಟಕ, ಕೇಳುವ ಮೊತ್ತ ಇರುತ್ತವೆ. ನೋವು ಮತ್ತು ಮಾನಸಿಕ ಯಾತನೆಗೆ ಗರಿಷ್ಠ 2,50,000 ಡಾಲರ್. 1986ರಲ್ಲಿ ಬರೆದ ಈ ಅಂಕಿ ಇಂದಿಗೂ ಅಲುಗಿಲ್ಲ. ಸಾವಿಗೂ ಅಷ್ಟೇ. ಇನ್ಶೂರೆನ್ಸ್ ಕೊಟ್ಟ ಬಿಲ್ಲನ್ನು ಮತ್ತೆ ಕೇಳುವಂತಿಲ್ಲ, ಕೈಯಿಂದ ಕೊಟ್ಟದ್ದನ್ನು ಕೇಳಬಹುದು. ಗಂಭೀರ ಕೇಸಿನಲ್ಲಿ ಮುಂದಿನ ಆರೈಕೆಯ ಖರ್ಚನ್ನು ಲೈಫ್ ಕೇರ್ ಪ್ಲ್ಯಾನರ್ ಒಬ್ಬರು ಲೆಕ್ಕ ಹಾಕುತ್ತಾರೆ, ಅದನ್ನು ವರ್ಷವರ್ಷ ಬರುವ ಆ್ಯನ್ಯುಟಿಯಾಗಿ ಕೊಡುವುದುಂಟು.

ಎದುರಿನಿಂದ ಬರುವ ಮೊದಲ ಅಂಕಿ ಬೇಸರ ತರಿಸುತ್ತದೆ, ತರಿಸಲೆಂದೇ ಇರುವುದು ಅದು. ಲಾಯರನ್ನು ಕೇಳಬೇಕಾದ ಪ್ರಶ್ನೆ 'ಇನ್ನೆಷ್ಟು ಸಿಗಬಹುದು?' ಎಂಬುದಲ್ಲ. 'ವಿಚಾರಣೆಗೆ ಹೋದರೆ ಯಾವ ಅಂಶದಲ್ಲಿ ಸೋಲಬಹುದು?' ಎಂದು ಕೇಳಿ. ನೋವು ಶುರುವಾದ ದಿನದ ಬಗ್ಗೆ ದಾಖಲೆ ತೆಳುವಾಗಿದ್ದರೆ ಅಥವಾ ಆರು ತಿಂಗಳು ಅಂಚಿನಲ್ಲಿದ್ದರೆ, ಕೈಗೆ ಸಿಕ್ಕ ಅಂಕಿಯನ್ನು ಬಿಡುವ ಮುನ್ನ ಎರಡು ಸಲ ಯೋಚಿಸಬೇಕು. ದಾಖಲೆ ಗಟ್ಟಿಯಿದ್ದೂ ಸರ್ಕಾರ ಜಗ್ಗುತ್ತಿದ್ದರೆ, ಮೊತ್ತವನ್ನು ಸ್ಪೆಷಲ್ ಮಾಸ್ಟರೇ ತೀರ್ಮಾನಿಸಲಿ ಎನ್ನುವುದು ತಪ್ಪಲ್ಲ. ಅದು ಬಹುಮಟ್ಟಿಗೆ ಕಾಗದದ ಮೇಲೆಯೇ ನಡೆಯುತ್ತದೆ, ಸಾಕ್ಷಿಕಟ್ಟೆ ಹತ್ತುವ ಸಂದರ್ಭ ಕಡಿಮೆ.

ಅಂಕಿಗೆ ಎರಡೂ ಕಡೆ ತಲೆಯಾಡಿಸಿದರೂ ಅದಿನ್ನೂ ತಾತ್ಕಾಲಿಕ. ಎದುರಿನ ವಕೀಲರಿಗೆ ಒಪ್ಪುವ ಅಧಿಕಾರವಿಲ್ಲ. ಎರಡು ಇಲಾಖೆಗಳ ಮೇಲಿನವರ ಸಹಿ ಬೇಕು. ಕೋರ್ಟು ಇದಕ್ಕೆ ತಿಂಗಳುಗಳ ಗಡುವು ಕೊಡುತ್ತದೆ. ಈ ನಡುವೆ ಹಣ ಬಂತೆಂದುಕೊಂಡು ಮನೆಗೆ ಮುಂಗಡ ಕೊಡಲು ಹೋಗಬೇಡಿ.

ಸಹಿ ಹಾಕುವ ಕಾಗದ

ಸ್ಟಿಪ್ಯುಲೇಷನ್ ಎಂಬ ಈ ಒಪ್ಪಂದ ಕೆಲವೇ ಪುಟದ್ದು, ಹೆಚ್ಚುಕಡಿಮೆ ಎಲ್ಲರಿಗೂ ಒಂದೇ ಅಚ್ಚು. ಮೊದಲು ಲಸಿಕೆಯ ಹೆಸರು, ದಿನಾಂಕ. ಆಮೇಲೆ ಅರ್ಜಿದಾರರು ಹೀಗೆ ಹೇಳುತ್ತಾರೆ, ಸರ್ಕಾರ ಅಲ್ಲಗಳೆಯುತ್ತದೆ ಎಂಬ ವಾಕ್ಯಗಳು. ಆಮೇಲೆ ಮೊತ್ತ. ಅದು ಸಾಮಾನ್ಯವಾಗಿ ಒಂದೇ ಇಡಿಗಂಟು, ನೋವಿಗೆಷ್ಟು ಖರ್ಚಿಗೆಷ್ಟು ಎಂದು ಬಿಡಿಸಿರುವುದಿಲ್ಲ. ಅದರ ನಂತರದ ಪ್ಯಾರಾಗಳನ್ನು ನಿಧಾನವಾಗಿ ಓದಿ. ಆ ದಿನಾಂಕದ ಆ ಲಸಿಕೆಯಿಂದ ಆದ, ಆಯಿತೆನ್ನಲಾದ, ಗೊತ್ತಿರುವ, ಗೊತ್ತಿಲ್ಲದ ಎಲ್ಲ ತೊಂದರೆಗಳಿಗೂ ಸರ್ಕಾರವನ್ನು ನೀವು ಬಿಡುಗಡೆ ಮಾಡುತ್ತೀರಿ. ಮುಂದಿನ ವರ್ಷ ಭುಜಕ್ಕೆ ಆಪರೇಷನ್ ಬೇಕಾದರೆ ಮತ್ತೆ ಬಂದು ಕೇಳಲಾಗದು. ಆಪರೇಷನ್ನಿನ ಮಾತು ಡಾಕ್ಟರ ಬಾಯಲ್ಲಿ ಆಗಲೇ ಬಂದಿದ್ದರೆ, ಅದು ಇತ್ಯರ್ಥವಾಗುವ ತನಕ ರಾಜಿಗೆ ಆತುರಪಡಬಾರದು.

ಕಡಿಮೆ ಆದಾಯದವರಿಗಿರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇಯ್ಡ್ ಪಡೆದಿದ್ದವರಿಗೆ ರಾಜ್ಯದ ಬಾಕಿಯನ್ನು ಇಲ್ಲೇ ತೀರಿಸುವ ಪ್ಯಾರಾ ಇರುತ್ತದೆ. ಮಗುವಿನ ಕೇಸಾದರೆ, ಅಪ್ಪ ಅಮ್ಮ ಎಂದಷ್ಟಕ್ಕೇ ಹಣ ಕೈಗೆ ಬರುವುದಿಲ್ಲ. ರಾಜ್ಯದ ಕೋರ್ಟಿನಿಂದ ಮಗುವಿನ ಆಸ್ತಿಗೆ ಪಾಲಕರೆಂದು ನೇಮಕವಾಗಿರುವ ಆದೇಶ ಬೇಕು. ಇದಕ್ಕೆ ತಿಂಗಳುಗಳು ಹಿಡಿಯುವುದರಿಂದ ಚೌಕಾಸಿಯ ಹೊತ್ತಿಗೇ ಶುರುಮಾಡಿಕೊಳ್ಳಿ.

ಇನ್ನೊಂದು ವಿಷಯ ಹಲವರಿಗೆ ಕೊನೆಯವರೆಗೂ ತಿಳಿದಿರುವುದಿಲ್ಲ. ಸ್ಪೆಷಲ್ ಮಾಸ್ಟರ್ ಹೊರಡಿಸುವ ನಿರ್ಣಯ ಕೋರ್ಟಿನ ವೆಬ್‌ಸೈಟಿನಲ್ಲಿ ಸಾರ್ವಜನಿಕವಾಗಿ ಬರುತ್ತದೆ, ದೊಡ್ಡವರ ಹೆಸರಿನ ಸಮೇತ. ಖಾಸಗಿ ವೈದ್ಯಕೀಯ ವಿವರ ಮರೆಮಾಚಬೇಕೆಂದರೆ 14 ದಿನದೊಳಗೆ ಅರ್ಜಿ ಕೊಡಬೇಕು. ಹೆಸರು ಗೂಗಲ್‌ನಲ್ಲಿ ಸಿಗಬಾರದು ಎನ್ನುವವರು ಲಾಯರ ಹತ್ತಿರ ಈ ಮಾತನ್ನು ಅರ್ಜಿ ಹಾಕುವ ಮುಂಚೆಯೇ ಆಡಿರಬೇಕು.

ಹಣ ಬರುವ ತನಕ

ನಿರ್ಣಯದ ನಂತರ ಮೇಲ್ಮನವಿಗೆ 30 ದಿನ ಕಾಯಬೇಕು. ಇಬ್ಬರೂ 'ನಮಗೆ ಮೇಲ್ಮನವಿ ಬೇಡ' ಎಂದು ಜಂಟಿಯಾಗಿ ಬರೆದುಕೊಟ್ಟರೆ ಜಡ್ಜ್‌ಮೆಂಟ್ ಬೇಗ ಬರುತ್ತದೆ. ಆಮೇಲೆ 90 ದಿನದೊಳಗೆ ಅದನ್ನು ಸ್ವೀಕರಿಸಿದ್ದೇನೆಂಬ ಪತ್ರ ಸಲ್ಲಿಸಬೇಕು. ಇದು ಹೋಗದೆ ಪಾವತಿ ಹೊರಡುವುದಿಲ್ಲ. ಪತ್ರ ಹೋದ ಮೇಲೆ ಸಾಮಾನ್ಯವಾಗಿ ಕೆಲವು ವಾರಗಳ ಕೆಲಸ. ಈಚಿನ ಒಪ್ಪಂದಗಳಲ್ಲಿ ಹಣ ಲಾಯರ ಟ್ರಸ್ಟ್ ಖಾತೆಗೆ ಎಲೆಕ್ಟ್ರಾನಿಕ್ ಆಗಿ ಬಂದು ಅಲ್ಲಿಂದ ಅರ್ಜಿದಾರರಿಗೆ ಹೋಗುತ್ತದೆ. ಭಾರತಕ್ಕೆ ಮರಳಿದವರಿಗೆ ಇದು ಅನುಕೂಲ. ಹಿಂದಿನಂತೆ ಡಾಲರ್ ಚೆಕ್ಕು ಅಂಚೆಯಲ್ಲಿ ಬಂದರೆ ಅದನ್ನು ಭಾರತದ ಬ್ಯಾಂಕಿನಲ್ಲಿ ನಗದಾಗಿಸುವುದು ಇನ್ನೊಂದು ಪ್ರಕರಣವಾಗುತ್ತದೆ. ಅಮೆರಿಕದ ಬ್ಯಾಂಕ್ ಖಾತೆಯನ್ನು ಅಲ್ಲಿಯವರೆಗೆ ಮುಚ್ಚಬೇಡಿ.

ಲಾಯರ ಫೀಸಿನ ಅರ್ಜಿ ಇದಾದ ಮೇಲೆ ಪ್ರತ್ಯೇಕವಾಗಿ ಹೋಗುತ್ತದೆ, ಜಡ್ಜ್‌ಮೆಂಟ್‌ನಿಂದ 180 ದಿನದೊಳಗೆ. ಕೋರ್ಟ್ ಶುಲ್ಕವನ್ನೋ, ದಾಖಲೆ ತರಿಸಿದ ಖರ್ಚನ್ನೋ ನೀವೇ ಕೈಯಿಂದ ಕೊಟ್ಟಿದ್ದರೆ ಅದೂ ಇದರಲ್ಲಿ ವಾಪಸ್ ಸಿಗುತ್ತದೆ. ನೀವು ಏನೇನು ಕೊಟ್ಟಿದ್ದೀರೆಂದು ಲಾಯರ್ ಒಂದು ಹೇಳಿಕೆಗೆ ಸಹಿ ಕೇಳುತ್ತಾರೆ. 405 ಡಾಲರಿನ ರಸೀದಿ ಅಲ್ಲಿಯವರೆಗೆ ಕೈಯಲ್ಲಿರಲಿ.